ಡೀಸೆಲ್ ಪಿಕಪ್‌ಗೆ ದುಬಾರಿ ಟಾರ್ಕ್ ಕನ್ವರ್ಟರ್ ಹಾಕಿಸುತ್ತೀರಾ? ದುಡ್ಡು ಕೊಡುವ ಮೊದಲು ಇಷ್ಟು ತಿಳಿದಿರಲಿ

ಮುಂಬೈ: ನಸುಕಿನ ಹೊತ್ತಿಗೆ ದಾದರ್ ಸ್ಟೇಷನ್‌ನ ಪಶ್ಚಿಮ ಬದಿಗೆ ಬಂದರೆ ಹೂವಿನ ಮಾರುಕಟ್ಟೆಯ ಸುತ್ತ ಪಿಕಪ್‌ಗಳು ಸಾಲುಗಟ್ಟಿರುತ್ತವೆ. ಚೆಂಡುಹೂವಿನ ಮೂಟೆ ಇಳಿಸಿ, ಜನರ ನಡುವೆ ಇಂಚಿಂಚೇ ಸರಿದು ಹೊರಬೀಳುವ ಈ ಗಾಡಿಗಳ ಚಾಲಕರ ಎಡಗಾಲಿಗೆ ಬಿಡುವೇ ಇಲ್ಲ. ಕ್ಲಚ್ ಒತ್ತು, ಬಿಡು, ಮತ್ತೆ ಒತ್ತು. ಅದೇ ಗಲ್ಲಿಯಲ್ಲಿ ಆಟೊಮ್ಯಾಟಿಕ್ ಗೇರ್‌ನ ಟೊಯೊಟಾ ಹೈಲಕ್ಸ್ ಅಥವಾ ಇಸುಜು ವಿ-ಕ್ರಾಸ್ ಸಿಕ್ಕಿಹಾಕಿಕೊಂಡಿದ್ದರೆ, ಅದರ ಚಾಲಕ ಎಡಗಾಲು ಮಡಚಿ ಆರಾಮವಾಗಿ ಕೂತಿರುತ್ತಾನೆ. ಅವನ ಕಾಲಿನ ಕೆಲಸವನ್ನು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂತ, ಕುಂಬಳಕಾಯಿಯ ಆಕಾರದ ಒಂದು ಉಕ್ಕಿನ ಡಬ್ಬಿ ಮಾಡುತ್ತಿರುತ್ತದೆ. ಅದೇ ಟಾರ್ಕ್ ಕನ್ವರ್ಟರ್.

ಈ ಡಬ್ಬಿಯನ್ನು ಬದಲಿಸಿ 'ಹೆವಿ ಡ್ಯೂಟಿ' ಹಾಕಿಸಿದರೆ ಎಳೆತ ಹೆಚ್ಚುತ್ತದೆ, ಘಾಟಿಯಲ್ಲಿ ಗಾಡಿ ಬಿಸಿಯಾಗುವುದಿಲ್ಲ ಎಂದು ಹೇಳುವ ವಿಡಿಯೊಗಳಿಗೆ ಯೂಟ್ಯೂಬ್‌ನಲ್ಲಿ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಅಮೆರಿಕ, ಆಸ್ಟ್ರೇಲಿಯಾದವು. ಅಲ್ಲಿ ಸರಿಯಾದ ಸಲಹೆ ದಾದರ್‌ನಿಂದ ಬೆಳಗಾವಿಗೋ ಕುಂದಾಪುರಕ್ಕೋ ಹೋಗಿಬರುವ ಗಾಡಿಗೆ ಸರಿಯಾಗಬೇಕೆಂದೇನಿಲ್ಲ. ವಿದೇಶದಿಂದ ತರಿಸಿದ ಭಾಗ ಹೊಂದದಿದ್ದರೆ ವಾಪಸ್ ಕಳಿಸುವುದು ಕಷ್ಟ. ಹೊಂದಿದಂತೆ ಕಂಡು ಒಳಗೊಳಗೇ ಗೇರ್‌ಬಾಕ್ಸ್ ತಿಂದರೆ ನಷ್ಟ ಇನ್ನೂ ದೊಡ್ಡದು.

ಮೊದಲು, ನಿಮ್ಮ ಗಾಡಿಯಲ್ಲಿ ಅದು ಇದೆಯೇ?

ಹೂವಿನ ಮಾರುಕಟ್ಟೆಗೆ ಬರುವ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್‌ನಂಥ ಗಾಡಿಗಳಲ್ಲಿ ಮೂರು ಪೆಡಲ್ ಇರುತ್ತದೆ. ಅಂದರೆ ಕ್ಲಚ್ ಪ್ಲೇಟ್ ಇದೆ, ಟಾರ್ಕ್ ಕನ್ವರ್ಟರ್ ಇಲ್ಲ. ಅಂಥವರು ಈ ಲೇಖನವನ್ನು ಕುತೂಹಲಕ್ಕೆ ಓದಬಹುದು, ಖರ್ಚು ಮಾಡುವ ಅಗತ್ಯವಿಲ್ಲ. ಕೆಲವು ಕಾರುಗಳಲ್ಲಿರುವ ಎಎಂಟಿ ಕೂಡ ಬೇರೆ. ಅಲ್ಲಿರುವುದು ಸಾಮಾನ್ಯ ಕ್ಲಚ್ಚೇ, ಅದನ್ನು ಒತ್ತುವ ಕೆಲಸವನ್ನು ಯಂತ್ರ ಮಾಡುತ್ತದೆ.

ಭಾರತದಲ್ಲಿ ಈ ಪ್ರಶ್ನೆ ಬರುವುದು ಮುಖ್ಯವಾಗಿ ಎರಡು ಪಿಕಪ್‌ಗಳಿಗೆ. ಒಂದು 2022ರಲ್ಲಿ ಬಂದ ಹೈಲಕ್ಸ್. ಅದರ 2.8 ಲೀಟರ್ ಡೀಸೆಲ್ ಎಂಜಿನ್ ಆಟೊಮ್ಯಾಟಿಕ್ ಮಾದರಿಯಲ್ಲಿ 500 ಎನ್‌ಎಂ ಟಾರ್ಕ್ ಕೊಡುತ್ತದೆ, ಮ್ಯಾನುಯಲ್‌ನಲ್ಲಿ 420 ಎನ್‌ಎಂ. ಇನ್ನೊಂದು ವಿ-ಕ್ರಾಸ್. ಅದರ 1.9 ಲೀಟರ್ ಎಂಜಿನ್‌ನ ಬಿಎಸ್ 6 ಮಾದರಿಯದು 360 ಎನ್‌ಎಂ. ಎರಡರ ಆಟೊಮ್ಯಾಟಿಕ್ ಮಾದರಿಗಳಲ್ಲೂ 6 ಗೇರ್, ಎರಡರಲ್ಲೂ ಟಾರ್ಕ್ ಕನ್ವರ್ಟರ್.

ಎರಡು ಟೇಬಲ್ ಫ್ಯಾನ್‌ಗಳ ಕಥೆ

ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರಾಗಿ ಇಡಿ. ಒಂದಕ್ಕೆ ಮಾತ್ರ ಕರೆಂಟ್ ಕೊಡಿ. ಅದರ ಗಾಳಿಗೆ ಎದುರಿನದೂ ನಿಧಾನವಾಗಿ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ ಎರಡನ್ನೂ ಒಂದು ಡಬ್ಬಿಯಲ್ಲಿ ಮುಚ್ಚಿದರೆ ಕನ್ವರ್ಟರ್‌ನ ಮುಕ್ಕಾಲು ಕೆಲಸ ಅರ್ಥವಾದಂತೆ. ಎಂಜಿನ್‌ಗೆ ಅಂಟಿದ ಫ್ಯಾನ್ ಇಂಪೆಲ್ಲರ್, ಗೇರ್‌ಬಾಕ್ಸ್‌ಗೆ ಅಂಟಿದ್ದು ಟರ್ಬೈನ್. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಾಗ ಟರ್ಬೈನ್ ನಿಲ್ಲುತ್ತದೆ, ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ. ಹಾಗಾಗಿ ಎಂಜಿನ್ ಆಫ್ ಆಗುವುದಿಲ್ಲ.

ಉಳಿದ ಕಾಲು ಭಾಗದಲ್ಲೇ ಇರುವುದು ಜಾಣತನ. ಎರಡು ಫ್ಯಾನ್‌ಗಳ ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರ ಇದೆ. ಟರ್ಬೈನ್‌ಗೆ ಬಡಿದು ವಾಪಸ್ ಬರುವ ಎಣ್ಣೆಯನ್ನು ಇದು ತಿರುಗಿಸಿ, ಇಂಪೆಲ್ಲರ್‌ಗೆ ನೆರವಾಗುವ ದಿಕ್ಕಿನಲ್ಲಿ ಕಳಿಸುತ್ತದೆ. ಇದರಿಂದ ಗಾಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್‌ನ ಟಾರ್ಕ್ ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸ್‌ಗೆ ಸೇರುತ್ತದೆ. ವೇಗ ಹಿಡಿದಂತೆ ಈ ಲಾಭ ಕರಗಿ ಒಂದಕ್ಕೊಂದು ಆಗುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ, ರಸ್ತೆ ಗಾಡಿಗಳಿಗೆ ಬಂದದ್ದು ಆಮೇಲೆ.

ದಾದರ್ ಟಿಟಿ ಎಂಬ ಹೆಸರಿನ ಟಿಟಿ ಎಂದರೆ ಟ್ರಾಮ್ ಟರ್ಮಿನಸ್. ಮುಂಬೈನ ಕೊನೆಯ ಟ್ರಾಮ್ 1964ರ ಮಾರ್ಚ್ 31ರಂದು ಬೋರಿಬಂದರ್‌ನಿಂದ ಇದೇ ದಾದರ್‌ಗೆ ಓಡಿತ್ತು. ವಿದ್ಯುತ್ ಮೋಟಾರಿನ ಆ ಟ್ರಾಮ್‌ಗಳಿಗೆ ಇಂಥ ಡಬ್ಬಿಯ ಹಂಗೇ ಇರಲಿಲ್ಲ, ಏಕೆಂದರೆ ಮೋಟಾರ್ ನಿಂತ ಸ್ಥಿತಿಯಲ್ಲೇ ಪೂರ್ತಿ ಬಲದಿಂದ ತಿರುಗಿಸಬಲ್ಲದು. ಡೀಸೆಲ್ ಎಂಜಿನ್‌ಗೆ ಆ ಶಕ್ತಿಯಿಲ್ಲ. ಅದಕ್ಕೆ ಒಂದಿಷ್ಟು ಆರ್‌ಪಿಎಂ ಬೇಕು, ಟರ್ಬೊ ಎದ್ದೇಳಬೇಕು. ಅಲ್ಲಿಯವರೆಗೆ ಕೈಹಿಡಿದು ನಡೆಸುವುದೇ ಕನ್ವರ್ಟರ್‌ನ ಕೆಲಸ.

ನಿಜವಾದ ಶತ್ರು ಬಿಸಿ

ಎಣ್ಣೆಯ ಮೂಲಕ ಬಲ ದಾಟುವಾಗ ಎರಡು ಫ್ಯಾನ್‌ಗಳ ವೇಗದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಇದಕ್ಕೆ ಸ್ಲಿಪ್ ಎನ್ನುತ್ತಾರೆ. ಸ್ಲಿಪ್‌ನಲ್ಲಿ ಕಳೆದುಹೋದ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುತ್ತದೆ.

ಒಂದು ಲೆಕ್ಕ ನೋಡಿ. ವಿ-ಕ್ರಾಸ್ ಎಂಜಿನ್ 2,000 ಆರ್‌ಪಿಎಂನಲ್ಲಿ 360 ಎನ್‌ಎಂ ಕೊಡುವಾಗ ಹೊಮ್ಮುವ ಶಕ್ತಿ ಸುಮಾರು 75 ಕಿಲೋವ್ಯಾಟ್. ಚಕ್ರ ಕೆಸರಿನಲ್ಲಿ ಹೂತು ಅಲುಗಾಡದ ಸ್ಥಿತಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದರೆ ಆ ಅಷ್ಟೂ ಶಕ್ತಿ ಕೆಲವು ಲೀಟರ್ ಎಣ್ಣೆಗೆ ಇಳಿಯುತ್ತದೆ. ಮನೆಯ ಬಾತ್‌ರೂಮ್ ಗೀಸರ್ 2 ಕಿಲೋವ್ಯಾಟ್‌ನದು ಎಂದುಕೊಳ್ಳಿ. ಮೂವತ್ತೇಳು ಗೀಸರ್‌ಗಳನ್ನು ಒಂದು ಬಕೆಟ್ ಎಣ್ಣೆಗೆ ಅದ್ದಿದ ಹಾಗೆ. ಕೆಲವೇ ಸೆಕೆಂಡು ಸಾಕು.

ಘಾಟಿ ಹತ್ತುವಾಗ ಇಷ್ಟು ಕೆಟ್ಟದಾಗಿರುವುದಿಲ್ಲ, ಆದರೆ ಬಹಳ ಹೊತ್ತು ನಡೆಯುತ್ತದೆ. ದಾದರ್‌ನಿಂದ ಸಾಯನ್, ಚೆಂಬೂರು, ವಾಶಿ ದಾಟಿ ಪನ್ವೇಲ್ ಸೇರುವಷ್ಟರಲ್ಲೇ ನಿಂತು ಹೊರಟು ಎಣ್ಣೆ ಬಿಸಿಯಾಗಿರುತ್ತದೆ. ಅದೇ ಬಿಸಿಯಲ್ಲಿ ಖಂಡಾಲಾದ ಬೋರ್ ಘಾಟ್ ಎದುರಾಗುತ್ತದೆ. ಲಾರಿಗಳ ಹಿಂದೆ ಗಂಟೆಗೆ 30 ಕಿ.ಮೀ. ವೇಗದಲ್ಲಿ, ಸಾಮಾನು ಸೇರಿ 2,700 ಕೆಜಿ ತೂಗುವ ಗಾಡಿ ನೂರಕ್ಕೆ ಐದರ ಏರು ಹತ್ತುತ್ತಿದೆ ಎನ್ನಿ. ಚಕ್ರಕ್ಕೆ ಸುಮಾರು 14 ಕಿಲೋವ್ಯಾಟ್ ಬೇಕು. ಕೆಳಗಿನ ಗೇರ್‌ಗಳಲ್ಲಿ ಕನ್ವರ್ಟರ್ ಸ್ಲಿಪ್ ಆಗುತ್ತಾ ಶೇ. 15ರಿಂದ 20 ಕಳೆದುಕೊಂಡರೆ 3 ಕಿಲೋವ್ಯಾಟ್‌ನಷ್ಟು ಬಿಸಿ, ಅಂದರೆ ಒಂದೂವರೆ ಗೀಸರ್. ಅದು ಘಾಟಿ ಮುಗಿಯುವ ತನಕ ನಿಮ್ಮ ಕಾಲಡಿ ಉರಿಯುತ್ತಿರುತ್ತದೆ. ಹಿಂದೆ ಟ್ರೇಲರ್ ಕಟ್ಟಿದ್ದರೆ ಇನ್ನೂ ಹೆಚ್ಚು.

ಆಟೊಮ್ಯಾಟಿಕ್ ಗೇರ್ ಎಣ್ಣೆಗೆ 80ರಿಂದ 95 ಡಿಗ್ರಿ ಸೆಲ್ಸಿಯಸ್ ಹಿತವಾದ ಬಿಸಿ. 120 ದಾಟಿ ಅಲ್ಲೇ ನಿಂತರೆ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರತೊಡಗುತ್ತದೆ. ಪ್ರತಿ ಹತ್ತು-ಹನ್ನೊಂದು ಡಿಗ್ರಿ ಏರಿಕೆಗೆ ಎಣ್ಣೆಯ ಆಯಸ್ಸು ಅರ್ಧವಾಗುತ್ತದೆ ಎಂಬುದು ಗೇರ್‌ಬಾಕ್ಸ್ ಕೆಲಸದವರು ಹಿಡಿದುಕೊಂಡ ಅಂದಾಜು. ಹೀಗಾಗಿ 'ಉತ್ತಮ ಕನ್ವರ್ಟರ್' ಎಂದರೆ ಕಡಿಮೆ ಬಿಸಿ ಹುಟ್ಟಿಸುವ ಕನ್ವರ್ಟರ್ ಎಂದೇ ಅರ್ಥ. ಎಳೆತ ಆಮೇಲಿನ ಮಾತು.

ಸ್ಟಾಲ್ ಸ್ಪೀಡ್: ಎಡವುವುದು ಇಲ್ಲೇ

ಟರ್ಬೈನ್ ಅಲುಗದಂತೆ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಯಾವುದೋ ಒಂದು ಆರ್‌ಪಿಎಂಗೆ ಏರಿ ಅಲ್ಲೇ ನಿಲ್ಲುತ್ತದೆ. ಅದೇ ಸ್ಟಾಲ್ ಸ್ಪೀಡ್. ಕನ್ವರ್ಟರ್ ಮಾರುವವರು ಮೊದಲು ಹೇಳುವ ಅಂಕಿ ಇದು. ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಮಾತು ಪೆಟ್ರೋಲ್ ರೇಸ್ ಕಾರುಗಳ ಲೋಕದಿಂದ ಬಂದದ್ದು, ಡೀಸೆಲ್ ಪಿಕಪ್‌ಗೆ ಹೊಂದುವುದಿಲ್ಲ.

ಹೈಲಕ್ಸ್ ಆಟೊಮ್ಯಾಟಿಕ್‌ನ 500 ಎನ್‌ಎಂ ಸಿಗುವುದು 1,600ರಿಂದ 2,800 ಆರ್‌ಪಿಎಂ ನಡುವೆ. ವಿ-ಕ್ರಾಸ್‌ನ 360 ಎನ್‌ಎಂ 2,000ದಿಂದ 2,500ರ ನಡುವೆ. ಸ್ಟಾಲ್ ಸ್ಪೀಡ್ ಈ ಪಟ್ಟಿಯ ಆರಂಭದ ಹತ್ತಿರ ಇದ್ದರೆ ಎಂಜಿನ್ ತನ್ನ ಬಲಕ್ಕೆ ಬರುವ ಹೊತ್ತಿಗೆ ಗಾಡಿ ಚಲಿಸಿರುತ್ತದೆ. ಅದಕ್ಕಿಂತ ತೀರಾ ಮೇಲಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಹಿಂದೆ ಬೀಳುತ್ತದೆ, ಎಣ್ಣೆ ಕಾಯುತ್ತದೆ, ಮೈಲೇಜ್ ಇಳಿಯುತ್ತದೆ. ತೀರಾ ಕೆಳಗಿದ್ದರೆ ಟರ್ಬೊ ಎದ್ದೇಳುವ ಮೊದಲೇ ಕನ್ವರ್ಟರ್ ಎಂಜಿನ್ ಮೇಲೆ ಭಾರ ಹೇರುತ್ತದೆ. ಆಗ ಏರಿನಲ್ಲಿ ಹೊರಡುವಾಗ ಗಾಡಿ ಮುಕ್ಕರಿಯುತ್ತದೆ, ಹೊಗೆ ಉಗುಳುತ್ತದೆ, ಸಿಗ್ನಲ್‌ನಲ್ಲಿ ಬ್ರೇಕ್ ಮೇಲಿನ ಕಾಲನ್ನು ನೂಕುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸ್ಟಾಲ್ ಸ್ಪೀಡ್ ಎಂಬುದು ಡಬ್ಬಿಯ ಮೇಲೆ ಅಚ್ಚೊತ್ತಿದ ಗುಣವಲ್ಲ. ಹಿಂದಿರುವ ಎಂಜಿನ್‌ನ ಟಾರ್ಕ್ ಬದಲಾದರೆ ಅದೂ ಬದಲಾಗುತ್ತದೆ, ಸ್ಥೂಲವಾಗಿ ಟಾರ್ಕ್‌ನ ವರ್ಗಮೂಲದ ಲೆಕ್ಕದಲ್ಲಿ. ಉದಾಹರಣೆಗೆ, ಆಸ್ಟ್ರೇಲಿಯಾದಲ್ಲಿ ಮಾರಾಟವಾಗುವ ಇಸುಜು ಡಿ-ಮ್ಯಾಕ್ಸ್‌ನ 3 ಲೀಟರ್ ಎಂಜಿನ್ 450 ಎನ್‌ಎಂನದು. ಅದಕ್ಕೆಂದು ಮಾಡಿದ ಕನ್ವರ್ಟರ್ ಅಲ್ಲಿ 2,000 ಆರ್‌ಪಿಎಂ ಸ್ಟಾಲ್ ತೋರಿಸುತ್ತದೆ ಎಂದುಕೊಳ್ಳಿ. ಅದನ್ನೇ ತಂದು ನಮ್ಮ 360 ಎನ್‌ಎಂ ವಿ-ಕ್ರಾಸ್‌ಗೆ ಹೇಗೋ ಕೂರಿಸಿದರೆ ಸ್ಟಾಲ್ ಸುಮಾರು 1,790ಕ್ಕೆ ಇಳಿಯುತ್ತದೆ. ಎಂಜಿನ್‌ನ ಪೂರ್ತಿ ಬಲ ಶುರುವಾಗುವುದೇ 2,000ದಲ್ಲಿ! ಹೆಸರಿಗೆ ಹೆವಿ ಡ್ಯೂಟಿ, ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ನಿಂತು ಹೊರಡುವಾಗ ಮೊದಲಿಗಿಂತ ಮಂದ.

ಉಲ್ಟಾ ಲೆಕ್ಕವೂ ಇದೆ. ಎಂಜಿನ್‌ಗೆ ರೀಮ್ಯಾಪ್ ಮಾಡಿಸಿ ಟಾರ್ಕ್ ಶೇ. 25 ಹೆಚ್ಚಿಸಿದರೆ ಹಳೆಯ ಕನ್ವರ್ಟರ್‌ನ ಸ್ಟಾಲ್ ತಾನಾಗಿಯೇ ಶೇ. 12ರಷ್ಟು ಮೇಲೇರುತ್ತದೆ. ರೀಮ್ಯಾಪ್ ಆದಮೇಲೆ 'ಗೇರ್ ಜಾರುತ್ತಿದೆ' ಎಂದು ದೂರುವವರ ಸಮಸ್ಯೆಯಲ್ಲಿ ಇದರ ಪಾಲೂ ಇರುತ್ತದೆ. ಹಾಗಾಗಿ ಅಂಗಡಿಯವರು '1,800 ಸ್ಟಾಲ್' ಎಂದರೆ 'ಎಷ್ಟು ಎನ್‌ಎಂ ಎಂಜಿನ್‌ಗೆ?' ಎಂದು ಕೇಳಿ. ಉತ್ತರ ಬರದಿದ್ದರೆ ಆ ಅಂಗಡಿ ಬಿಟ್ಟುಬಿಡಿ.

ಲಾಕ್-ಅಪ್: ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ

ಗಾಡಿ ವೇಗ ಹಿಡಿದ ಮೇಲೆ ಸ್ಲಿಪ್ ಬೇಡ. ಅದಕ್ಕಾಗಿ ಕನ್ವರ್ಟರ್‌ನೊಳಗೇ ಒಂದು ಸಣ್ಣ ಕ್ಲಚ್ ಇದೆ. ಅದು ಇಂಪೆಲ್ಲರ್ ಕಡೆಯ ಕವಚಕ್ಕೂ ಟರ್ಬೈನ್‌ಗೂ ಗಂಟು ಹಾಕಿದಂತೆ ಹಿಡಿಯುತ್ತದೆ. ಇದೇ ಲಾಕ್-ಅಪ್. ಲಾಕ್ ಆದ ಕ್ಷಣ ಎಣ್ಣೆ ಕಾಯುವುದು ಬಹುತೇಕ ನಿಲ್ಲುತ್ತದೆ. ಪುಣೆ ದಾಟಿ ಸಾತಾರಾ, ಕೊಲ್ಹಾಪುರದ ನೇರ ರಸ್ತೆಯಲ್ಲಿ ಗೇರ್‌ಬಾಕ್ಸ್ ತಣ್ಣಗಾಗುವುದು ಇದರಿಂದಲೇ.

ಅಮೆರಿಕದ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಮೊದಲು ಸೋಲುತ್ತಿದ್ದದ್ದೂ ಇದೇ ಕ್ಲಚ್. ಅಲ್ಲಿನ ಕಮಿನ್ಸ್ ಎಂಜಿನ್‌ನ ರ‍್ಯಾಮ್ ಪಿಕಪ್‌ಗಳ ಟಾರ್ಕ್ ಇತ್ತೀಚಿನ ಮಾದರಿಗಳಲ್ಲಿ 1,400 ಎನ್‌ಎಂ ದಾಟಿದೆ, ನಮ್ಮ ಹೈಲಕ್ಸ್‌ನ ಸುಮಾರು ಮೂರು ಪಟ್ಟು. ಅದರ ಮೇಲೆ ಮಾಲೀಕರು ಟ್ಯೂನಿಂಗ್ ಬೇರೆ ಮಾಡಿಸುತ್ತಾರೆ. ಹಳೆಯ ಗಾಡಿಗಳ ಒಂದೇ ಬಿಲ್ಲೆಯ ಲಾಕ್-ಅಪ್ ಅದನ್ನು ತಾಳುವುದಿಲ್ಲ. ಕವಚದ ತಗಡು ಒತ್ತಡಕ್ಕೆ ಉಬ್ಬುತ್ತದೆ, ಬಿಲ್ಲೆ ಓರೆಯಾಗಿ ಹಿಡಿದು ಸವೆಯುತ್ತದೆ. ಅದಕ್ಕೇ ಅಲ್ಲಿ ಮೂರು ಬಿಲ್ಲೆಗಳ ಲಾಕ್-ಅಪ್, ಗಟ್ಟಿ ಉಕ್ಕಿನಿಂದ ಕಡೆದ ಮುಂಭಾಗದ ಕವಚ, ರೆಕ್ಕೆಗಳಿಗೆ ಬೆಸುಗೆ ಇವೆಲ್ಲ ಬಂದವು. ಅವರ ಸಮಸ್ಯೆಗೆ ಅದು ಸರಿಯಾದ ಉತ್ತರ. ಆಸ್ಟ್ರೇಲಿಯಾದವರದು ಕಾರವಾನ್ ಎಳೆಯುವ ಸಮಸ್ಯೆ. ಅಲ್ಲಿ ಹೈಲಕ್ಸ್ ಹಿಂದೆ 3,500 ಕೆಜಿವರೆಗೂ ಟ್ರೇಲರ್ ಕಟ್ಟುತ್ತಾರೆ.

ಹಾಗೆಂದು ಬಿಲ್ಲೆ ಹೆಚ್ಚಿದ್ದರೆ ನಮಗೂ ಒಳ್ಳೆಯದೇ ಎಂದು ಹೊರಟರೆ ಇನ್ನೊಂದು ತೊಡಕಿದೆ. ಈಗಿನ 6 ಗೇರ್‌ನ ಗೇರ್‌ಬಾಕ್ಸ್‌ಗಳಲ್ಲಿ ಲಾಕ್-ಅಪ್ ಎಂದರೆ ಬರೀ ಹಿಡಿ-ಬಿಡು ಅಲ್ಲ. ನಡುಕ ಗೊತ್ತಾಗದಿರಲೆಂದು ಕಂಪ್ಯೂಟರ್ ಅದನ್ನು ಕೆಲವೊಮ್ಮೆ ಬೇಕೆಂದೇ ಸ್ವಲ್ಪ ಜಾರಿಸುತ್ತಾ ಹಿಡಿಯುತ್ತದೆ. ಗಟ್ಟಿಯಾಗಿ ಕಚ್ಚುವ ಬೇರೆ ಲೈನಿಂಗ್ ಹಾಕಿದರೆ ಕಂಪ್ಯೂಟರ್‌ನ ಲೆಕ್ಕ ತಪ್ಪಿ ಗಾಡಿ ಗಡಗಡ ನಡುಗತೊಡಗುತ್ತದೆ. ದುಬಾರಿ ಕನ್ವರ್ಟರ್ ಹಾಕಿಸಿದ ಮೇಲೂ ನಡುಕ ಹೋಗಲಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನು. ಆ ಗೇರ್‌ಬಾಕ್ಸ್‌ನ ಈ ನಿಯಂತ್ರಣಕ್ಕೆ ಹೊಂದುವ ಲೈನಿಂಗ್ ಎಂದು ತಯಾರಕರು ಬರೆದುಕೊಟ್ಟರೆ ಮಾತ್ರ ಮುಂದುವರಿಯಿರಿ.

ಕಾಯಿಲೆ ಕನ್ವರ್ಟರ್‌ನದೇ ಹೌದೇ?

ಗಂಟೆಗೆ 60-80 ಕಿ.ಮೀ. ವೇಗದಲ್ಲಿ ಸಣ್ಣ ಹಂಪ್‌ಗಳ ಮೇಲೆ ಓಡಿದಂತೆ ಒಂದೆರಡು ಸೆಕೆಂಡು ನಡುಗಿದರೆ ಲಾಕ್-ಅಪ್ ಮೇಲೆ ಸಂಶಯ ಬರುವುದು ಸಹಜ. ಆದರೆ ಹಳೆಯ ಎಣ್ಣೆಯಿಂದಲೂ ಇದೇ ನಡುಕ ಬರುತ್ತದೆ. ಸರಿಯಾದ ದರ್ಜೆಯ ಹೊಸ ಎಣ್ಣೆಗೇ ವಾಸಿಯಾಗುವುದೂ ಉಂಟು. ಹೈಲಕ್ಸ್‌ಗೆ ಟೊಯೊಟಾ ಹೇಳುವುದು ಎಟಿಎಫ್ ಡಬ್ಲ್ಯೂಎಸ್. 'ಎಲ್ಲ ಗಾಡಿಗೂ ಆಗುತ್ತೆ' ಎನ್ನುವ ಡಬ್ಬಿ ಬೇಡ.

ಲಾಕ್-ಅಪ್ ಹಿಡಿಯುತ್ತಿದೆಯೇ ಎಂದು ನೀವೇ ನೋಡಬಹುದು. ಹಿಂದೆ ಗಾಡಿಗಳಿಲ್ಲದ ಹೆದ್ದಾರಿಯಲ್ಲಿ ಮೇಲಿನ ಗೇರ್‌ನಲ್ಲಿ ಗಂಟೆಗೆ 80 ಕಿ.ಮೀ. ವೇಗ ಹಿಡಿದು, ಆಕ್ಸಿಲರೇಟರ್ ಹಾಗೇ ಇರಿಸಿ, ಬ್ರೇಕ್ ದೀಪ ಹೊತ್ತುವಷ್ಟು ಮಾತ್ರ ಎಡಗಾಲಿನಿಂದ ಪೆಡಲ್ ಮುಟ್ಟಿ. ಅನೇಕ ಗಾಡಿಗಳಲ್ಲಿ ಲಾಕ್-ಅಪ್ ಬಿಟ್ಟು ಆರ್‌ಪಿಎಂ ನೂರಿನ್ನೂರು ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಏನೂ ಬದಲಾಗದಿದ್ದರೆ ಅದು ಮೊದಲೇ ಹಿಡಿದಿರಲಿಲ್ಲ ಎಂಬ ಸಂಶಯಕ್ಕೆ ಜಾಗವಿದೆ. ಎಡಗಾಲಿನಲ್ಲಿ ಬ್ರೇಕ್ ಮುಟ್ಟಿ ಅಭ್ಯಾಸವಿಲ್ಲದವರು ಇದನ್ನು ಮೆಕ್ಯಾನಿಕ್‌ಗೇ ಬಿಡಿ. ಗೇರ್ ಎಣ್ಣೆಯ ಬಿಸಿ, ಟರ್ಬೈನ್ ವೇಗ ತೋರಿಸುವ ಸ್ಕ್ಯಾನರ್ ಇದ್ದರೆ ಇನ್ನೂ ಸುಲಭ. ಎಂಜಿನ್ ಆರ್‌ಪಿಎಂನಿಂದ ಟರ್ಬೈನ್ ಆರ್‌ಪಿಎಂ ಕಳೆದರೆ ಬರುವುದೇ ಸ್ಲಿಪ್. ಸ್ಟಾಲ್ ಪರೀಕ್ಷೆಯನ್ನು ಮಾತ್ರ ಮನೆ ಮುಂದೆ ಮಾಡಲೇಬೇಡಿ. ಮೂವತ್ತೇಳು ಗೀಸರ್ ನೆನಪಿರಲಿ.

ಘಾಟಿಯಲ್ಲಿ ಮಾತ್ರ ಬಿಸಿಯಾಗುತ್ತದೆ, ಬಾಕಿ ಎಲ್ಲ ಸರಿಯಿದೆ ಎನ್ನುವವರಿಗೆ ಕನ್ವರ್ಟರ್‌ಗಿಂತ ಮೊದಲು ಬೇಕಾದದ್ದು ಒಂದು ಹೆಚ್ಚುವರಿ ಆಯಿಲ್ ಕೂಲರ್. ನನ್ನ ಮಟ್ಟಿಗೆ, ರೀಮ್ಯಾಪ್ ಮಾಡಿಸದ, ಭಾರದ ಟ್ರೇಲರ್ ಎಳೆಯದ ಗಾಡಿಗೆ ಬಲವರ್ಧಿತ ಕನ್ವರ್ಟರ್ ಬೇಕೇ ಇಲ್ಲ. ಹಳೆಯದು ಕೆಟ್ಟಿದ್ದರೆ ಕಂಪನಿಯ ಅಳತೆಯದನ್ನೇ ಹಾಕಿಸುವುದು ಲೇಸು. ಕೆಟ್ಟ ಕನ್ವರ್ಟರ್ ಅನ್ನು ಕೊಯ್ದು ತೆರೆದು, ಲೈನಿಂಗ್, ಬೇರಿಂಗ್, ಸೀಲ್ ಬದಲಿಸಿ, ಮತ್ತೆ ಬೆಸೆದು ಬ್ಯಾಲೆನ್ಸ್ ಮಾಡಿಕೊಡುವ ಕೆಲಸವೂ ಉಂಟು. ಬೆಸೆದ ಮೇಲೆ ಬ್ಯಾಲೆನ್ಸ್ ಮಾಡುವ ಯಂತ್ರ, ಸೋರಿಕೆ ಪರೀಕ್ಷೆ ಅವರಲ್ಲಿ ಇದೆಯೇ ಎಂದು ಕಣ್ಣಾರೆ ನೋಡಿ ಕೊಡಿ.

ಕೊಳ್ಳುವುದೇ ಆದರೆ

ಎಂಜಿನ್ ಕೋಡ್ ಮತ್ತು ಗೇರ್‌ಬಾಕ್ಸ್ ಕೋಡ್ ಎರಡನ್ನೂ ಕೊಟ್ಟೇ ಆರ್ಡರ್ ಮಾಡಿ, ಗಾಡಿಯ ಹೆಸರೊಂದೇ ಸಾಲದು. ಬೋಲ್ಟ್ ತೂತುಗಳು, ಮಧ್ಯದ ಮೂತಿಯ ಅಳತೆ, ಒಳಗಿನ ಸ್ಪ್ಲೈನ್ ಹಲ್ಲುಗಳ ಎಣಿಕೆ ಹಳೆಯದಕ್ಕೆ ಹೊಂದಬೇಕು. ಮುಂಬೈನ ಒಪೆರಾ ಹೌಸ್ ಕಡೆಯ ಬಿಡಿಭಾಗಗಳ ಅಂಗಡಿಗಳಲ್ಲಾಗಲಿ, ಬೆಂಗಳೂರಿನ ಜೆಸಿ ರಸ್ತೆಯಲ್ಲಾಗಲಿ, ಹಳೆಯದನ್ನು ಬಿಚ್ಚಿ ಪಕ್ಕದಲ್ಲಿಟ್ಟು ಅಳೆಯುವ ತನಕ ಬಾಕಿ ಹಣ ಕೊಡಬೇಡಿ.

ಕಾಗದಪತ್ರದ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ಅಳತೆಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಒತ್ತಿ ಹೇಳಿದೆ. ಅದೇ ಅಳತೆಯ ಕನ್ವರ್ಟರ್ ಬದಲಿಸುವುದು ರಿಪೇರಿ. ಜೊತೆಗೆ ಎಂಜಿನ್ ರೀಮ್ಯಾಪ್ ಮಾಡಿಸುವುದು ಬೇರೆಯೇ ಮಾತು, ಹೊಗೆಯ ಮಟ್ಟ, ವಾರಂಟಿ, ವಿಮೆ ಮೂರಕ್ಕೂ ತಗಲಿಕೊಳ್ಳುತ್ತದೆ. ವಾರಂಟಿ ಇನ್ನೂ ಇದ್ದರೆ ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಶೋರೂಮ್‌ನಿಂದ ಲಿಖಿತ ಉತ್ತರ ಪಡೆಯಿರಿ.

ಹಾಕುವ ಕೈ ಕೂಡ ಪಳಗಿರಬೇಕು. ಕನ್ವರ್ಟರ್‌ನ ಕುತ್ತಿಗೆ ಗೇರ್‌ಬಾಕ್ಸ್‌ನ ಆಯಿಲ್ ಪಂಪ್‌ನೊಳಗೆ ಪೂರ್ತಿ ಕೂರಬೇಕು. ಕೂರದೆಯೇ ಬೋಲ್ಟ್ ಬಿಗಿದು ಎಳೆದರೆ ಪಂಪ್ ಮುರಿಯುತ್ತದೆ, ಎಂಜಿನ್ ಮೊದಲ ಸಲ ಸ್ಟಾರ್ಟ್ ಮಾಡಿದಾಗಲೇ ಗೇರ್‌ಬಾಕ್ಸ್ ಕಥೆ ಮುಗಿಯುತ್ತದೆ. ಹಳೆಯ ಕನ್ವರ್ಟರ್ ಸವೆದು ಉದುರಿಸಿದ ಪುಡಿ ಕೂಲರ್ ಪೈಪ್‌ಗಳಲ್ಲಿ ಕೂತಿರುತ್ತದೆ, ಅದನ್ನು ತೊಳೆಯದೆ ಹೊಸದನ್ನು ಹಾಕಿದರೆ ಅದೇ ಪುಡಿ ಹೊಸದರೊಳಗೆ ಹೋಗುತ್ತದೆ.

ಕೊನೆಗೆ ಎಣ್ಣೆಯ ಮಟ್ಟ. ಹೈಲಕ್ಸ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಎಳೆದು ನೋಡುವ ಕಡ್ಡಿ ಇಲ್ಲ. ಗಾಡಿಯನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಓಡುತ್ತಿರುವಾಗ, ಕಂಪನಿ ಹೇಳಿದ ಬಿಸಿಯಲ್ಲಿ ಕೆಳಗಿನ ಪ್ಲಗ್ ಬಿಚ್ಚಿ, ಎಣ್ಣೆ ಸಣ್ಣಗೆ ತೊಟ್ಟಿಕ್ಕುವ ಹದ ನೋಡಿ ಮುಚ್ಚಬೇಕು. ಇಂಜಿನ್ ಆಫ್ ಮಾಡಿ, ತಣ್ಣಗಿರುವಾಗ 'ಇಷ್ಟು ಲೀಟರ್ ಹಾಕಿದ್ದೀನಿ ಸಾರ್' ಎಂದರೆ ಒಪ್ಪಬೇಡಿ. ಸ್ಕ್ಯಾನರ್ ಹಚ್ಚಿ, ಬಿಸಿ ಎಷ್ಟಿದೆ ಎಂದು ತೋರಿಸಿ ಪ್ಲಗ್ ಮುಚ್ಚಲು ಹೇಳಿ, ಅಷ್ಟು ಹೊತ್ತು ಪಕ್ಕದಲ್ಲೇ ನಿಂತಿರಿ.